ಡೈವೋರ್ಸ್ ಕೇಸ್ ಮುಗಿಯೋವರೆಗೆ ತೋಟದ ಮನೇಲಿ ಯಾರು ಇರ್ಬೇಕು?

ಪ್ರಶ್ನೆ: ನಮ್ಮದು ಕೊಡಗಿನ ಅಮ್ಮತ್ತಿ ಹತ್ರ ತೋಟದ ಮನೆ. ಮದುವೆ ಆಗಿ ಹತ್ತು ವರ್ಷ ಆಯ್ತು, ಇಬ್ರು ಮಕ್ಕಳು ವಿರಾಜಪೇಟೆಲಿ ಓದ್ತಿದ್ದಾರೆ. ಗಂಡ ಡೈವೋರ್ಸ್ ಕೇಸ್ ಹಾಕಿದ್ದಾರೆ, ಆದ್ರೆ ಇರೋದು ಅದೇ ಮನೇಲಿ, ಕುಡಿದು ಬಂದು ಗಲಾಟೆ ಮಾಡ್ತಾರೆ, ಎರಡು ಸಲ ರಾತ್ರಿ ಹೊತ್ತು ನನ್ನನ್ನ ಹೊರಗೆ ನಿಲ್ಲಿಸಿ ಬಾಗಿಲು ಹಾಕ್ಕೊಂಡಿದ್ರು. ಅತ್ತೆನೂ ಜೊತೇಲಿದ್ದಾರೆ. ಆರ್‌ಟಿಸಿಲಿ ತೀರಿಹೋದ ಮಾವನ ಹೆಸರು, ಒಕ್ಕದ (ಗಂಡನ ಮನೆತನದ) ಬೇರೆಯವರ ಹೆಸರು ಇದೆ. "ಇದು ಜಮ್ಮಾ ಆಸ್ತಿ, ತಲೆತಲಾಂತರದಿಂದ ಒಕ್ಕದ್ದು, ನಿಂಗಿಲ್ಲಿ ಏನೂ ಹಕ್ಕಿಲ್ಲ, ಕೇಸ್ ಮುಗಿಯೋವರೆಗೆ ತವರಲ್ಲಿರು" ಅಂತಾರೆ. ಕೇಸ್ ಮುಗಿಯೋ ತನಕ ಮನೇಲಿ ನಾನು ಮಕ್ಕಳು ಮಾತ್ರ ಇದ್ದು ಗಂಡ ಹೊರಗಿರೋ ಹಾಗೆ ಕೋರ್ಟ್ ಆರ್ಡರ್ ಸಿಗತ್ತಾ?

ಉತ್ತರ: ಸಿಗತ್ತೆ, ಆದ್ರೆ ಸುಲಭಕ್ಕೆ ಸಿಗಲ್ಲ, ಕೇಳೋ ರೀತಿ ಸರಿಯಾಗಿರ್ಬೇಕು. ಸ್ವಲ್ಪ ಉದ್ದ ಆಗತ್ತೆ, ಸಮಾಧಾನದಿಂದ ಓದಿ.

ಮೊದಲು ಈ ತವರಿಗೆ ಹೋಗೋ ವಿಷಯ. ಅವರು ಹೋಗು ಅಂದ್ರು ಅಂತ ಹೋಗ್ಬೇಡಿ. ನಮ್ಮ ಜಿಲ್ಲೆಲಿ ಇದನ್ನ ತುಂಬಾ ನೋಡ್ತೀನಿ, ಊರಲ್ಲಿ ಮಾತಾಗತ್ತೆ ಅಂತ ಹೆಣ್ಮಗಳು ಎರಡು ಸೂಟ್‌ಕೇಸ್ ಹಿಡ್ಕೊಂಡು ಹೊರಟುಬಿಡ್ತಾಳೆ, ಅದರ ಮುಂದಿನ ವಾರ ಬೀಗ ಬದಲಾಗತ್ತೆ, ಆರು ತಿಂಗಳಾದ್ಮೇಲೆ ಕೋರ್ಟಲ್ಲಿ "ಸ್ವಾಮಿ ಅವಳೇ ಮನೆ ಬಿಟ್ಟು ಹೋಗಿದ್ದು, ಮಕ್ಕಳು ಈಗ ಅಲ್ಲಿನ ಸ್ಕೂಲಿಗೆ ಹೊಂದ್ಕೊಂಡಿದ್ದಾರೆ, ಇದ್ದ ಹಾಗೇ ಇರ್ಲಿ" ಅಂತ ವಾದ ಬರತ್ತೆ. ಮಧ್ಯಂತರ ಆರ್ಡರ್ ಕೊಡುವಾಗ ಸದ್ಯಕ್ಕೆ ಹೇಗಿದೆಯೋ ಅದನ್ನ ಅಲುಗಾಡಿಸೋಕೆ ಯಾವ ಜಡ್ಜಿಗೂ ಅಷ್ಟು ಬೇಗ ಮನಸ್ಸು ಬರಲ್ಲ. ಆದ್ರೆ ಇವತ್ತು ರಾತ್ರಿ ಜೀವಕ್ಕೇ ಅಪಾಯ ಇದೆ ಅನ್ನಿಸಿದ್ರೆ ನಾನು ಹೇಳಿದ್ದೆಲ್ಲ ಪಕ್ಕಕ್ಕಿಟ್ಟು ಮಕ್ಕಳನ್ನ ಕರ್ಕೊಂಡು ಹೊರಡಿ, 112ಕ್ಕೆ ಫೋನ್ ಮಾಡಿ. ಹಾಗೆ ಹೊರಟ್ರೆ ಹಕ್ಕು ಹೋಗಲ್ಲ. 2022ರ ಮೇ ತಿಂಗಳಲ್ಲಿ ಪ್ರಭಾ ತ್ಯಾಗಿ ಕೇಸಲ್ಲಿ ಸುಪ್ರೀಂ ಕೋರ್ಟು ಇದನ್ನ ಸ್ಪಷ್ಟವಾಗಿ ಹೇಳಿದೆ, ಅರ್ಜಿ ಹಾಕೋ ದಿನ ಹೆಂಗಸು ಆ ಮನೇಲೇ ವಾಸ ಇರ್ಬೇಕು ಅಂತೇನಿಲ್ಲ, ಹೊರಗಿದ್ರೂ ವಾಸದ ಹಕ್ಕು ಕೇಳ್ಬೋದು ಅಂತ.

ಈಗ ಜಮ್ಮಾ ಮಾತು. ನಿಮ್ಮ ಗಂಡನ ಮನೆಯವರು ಎರಡು ಬೇರೆ ಬೇರೆ ವಿಷಯಗಳನ್ನ ಒಂದಕ್ಕೊಂದು ಗಂಟು ಹಾಕ್ತಿದ್ದಾರೆ, ಆಸ್ತಿ ಯಾರದು ಅನ್ನೋದು ಒಂದು, ಕೇಸ್ ನಡೀತಿರುವಾಗ ಆ ಮನೇಲಿ ಯಾರು ಮಲಗಿ ಏಳ್ಬೇಕು ಅನ್ನೋದು ಇನ್ನೊಂದು. ಜಮ್ಮಾ ಜಾಗದಲ್ಲಿ ಸೊಸೆಗೆ ಪಾಲು ಉಂಟಾ ಇಲ್ವಾ, ಪಟ್ಟೆದಾರ (ಒಕ್ಕದ ಯಜಮಾನ) ಯಾರು, ಒಕ್ಕದಲ್ಲಿ ಯಾರಿಗೆಷ್ಟು, ಇದ್ಯಾವುದನ್ನೂ ನೀವು ಈಗ ಕೇಳ್ತಾ ಇಲ್ಲ, ಕೇಳ್ಬೇಕಾಗೂ ಇಲ್ಲ. ನೀವು ಕೇಳ್ತಿರೋದು ವಾಸ ಮಾತ್ರ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಲಿ, ಅದನ್ನೇ ಎಲ್ರೂ ಡಿವಿ ಆಕ್ಟ್ ಅನ್ನೋದು, ಸೆಕ್ಷನ್ 2(ಎಸ್)ಲಿ "ಹಂಚಿಕೊಂಡ ಮನೆ" ಅಂದ್ರೆ ಏನು ಅಂತ ಹೇಳಿದೆ. ಗಂಡ ಸದಸ್ಯನಾಗಿರೋ ಕೂಡುಕುಟುಂಬಕ್ಕೆ ಸೇರಿದ ಮನೆನೂ ಅದರಲ್ಲಿ ಬರತ್ತೆ, ಗಂಡನಿಗಾಗ್ಲಿ ಹೆಂಡತಿಗಾಗ್ಲಿ ಅದರಲ್ಲಿ ಹಕ್ಕು, ಒಡೆತನ, ಹಿತಾಸಕ್ತಿ ಇದ್ರೂ ಇಲ್ದಿದ್ರೂ ಅಂತ ಕಾಯ್ದೆಲೇ ಬರೆದಿದೆ. ಈ ಸಾಲು ನಮ್ಮ ಕೊಡಗಿಗೇ ಬರೆದ ಹಾಗಿದೆ ಅಂತ ನಂಗೆ ಯಾವಾಗ್ಲೂ ಅನ್ಸತ್ತೆ, ಒಂದು ಆರ್‌ಟಿಸಿಲಿ ಇಪ್ಪತ್ತು ಹೆಸರಿರೋ ಊರು ನಮ್ಮದು.

ಮೊದಲು ಹೀಗಿರ್ಲಿಲ್ಲ. 2006ರ ಡಿಸೆಂಬರಲ್ಲಿ ಬಾತ್ರಾ ಕೇಸಲ್ಲಿ ಸುಪ್ರೀಂ ಕೋರ್ಟು ಅತ್ತೆ ಹೆಸರಲ್ಲಿರೋ ಮನೇಲಿ ಸೊಸೆಗೆ ವಾಸದ ಹಕ್ಕಿಲ್ಲ ಅಂದಿತ್ತು, ಹದಿಮೂರು ಹದಿನಾಲ್ಕು ವರ್ಷ ಅದನ್ನೇ ತೋರಿಸಿ ಎಷ್ಟೋ ಹೆಂಗಸರನ್ನ ಹೊರಗೆ ಕಳಿಸಿದ್ರು. 2020ರ ಅಕ್ಟೋಬರ್ 15ಕ್ಕೆ ಸತೀಶ್ ಚಂದರ್ ಅಹುಜಾ ಕೇಸಲ್ಲಿ ಮೂರು ಜಡ್ಜ್‌ಗಳ ಪೀಠ ಆ ತೀರ್ಪು ಸರಿ ಇಲ್ಲ ಅಂತ ತಳ್ಳಿಹಾಕ್ತು. ಈಗ ಮಾವನ ಹೆಸರಲ್ಲಿದ್ರೂ, ನೀವು ಅಲ್ಲಿ ಸ್ವಲ್ಪ ಕಾಯಂ ಅನ್ನೋ ಹಾಗೆ ಸಂಸಾರ ಮಾಡಿದ್ರೆ, ಅದು ಹಂಚಿಕೊಂಡ ಮನೆನೇ. ನೀವು ಹತ್ತು ವರ್ಷ ಬಾಳಿದ್ದೀರ. ರೇಷನ್ ಕಾರ್ಡ್, ಆಧಾರ್, ಮಕ್ಕಳ ಸ್ಕೂಲ್ ಅಡ್ಮಿಷನ್ ಫಾರ್ಮ್, ಗ್ಯಾಸ್ ಬುಕ್ಕು, ವೋಟರ್ ಲಿಸ್ಟು, ಇದ್ರಲ್ಲೆಲ್ಲ ಆ ಮನೆ ವಿಳಾಸ ಇರತ್ತಲ್ಲ, ಸಾಕು. ಆದ್ರೆ ಅಹುಜಾ ತೀರ್ಪಲ್ಲಿ ಇನ್ನೊಂದು ಮಾತೂ ಇದೆ, ಈ ಹಕ್ಕು ಶಾಶ್ವತ ಅಲ್ಲ, ವಯಸ್ಸಾದ ಅತ್ತೆ ಮಾವನ ನೆಮ್ಮದಿನೂ ತೂಕ ಮಾಡ್ಬೇಕು ಅಂತ. ನಿಮ್ಮ ಅತ್ತೆ ವಿಷಯಕ್ಕೆ ಮುಂದೆ ಬರ್ತೀನಿ.

ತುಂಬಾ ಜನ ಡೈವೋರ್ಸ್ ಕೇಸಲ್ಲೇ ಮನೆ ಕೇಳ್ಬೋದು ಅಂದ್ಕೊಂಡಿರ್ತಾರೆ. ಹಿಂದೂ ವಿವಾಹ ಕಾಯ್ದೆಲಿ ಕೇಸ್ ನಡೆಯುವಾಗಿನ ಖರ್ಚಿಗೆ ಸೆಕ್ಷನ್ 24 ಇದೆ, ಮಕ್ಕಳಿಗೆ 26 ಇದೆ, ಆದ್ರೆ ಕೇಸ್ ಮುಗಿಯೋವರೆಗೆ ಮನೇಲಿ ಯಾರಿರ್ಬೇಕು ಅಂತ ನೇರವಾಗಿ ಹೇಳೋ ಸೆಕ್ಷನ್ನೇ ಇಲ್ಲ. ಅದಕ್ಕೇ ಡಿವಿ ಆಕ್ಟಿನ ದಾರಿ ಹಿಡಿಯೋದು. ಎರಡು ಥರ ಮಾಡ್ಬೋದು, ಸೆಕ್ಷನ್ 12ರಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಹೊಸ ಅರ್ಜಿ ಹಾಕೋದು, ಇಲ್ಲಾಂದ್ರೆ ಡಿವಿ ಆಕ್ಟಿನದ್ದೇ ಸೆಕ್ಷನ್ 26 ಹಿಡ್ಕೊಂಡು ಡೈವೋರ್ಸ್ ನಡೀತಿರೋ ಕೋರ್ಟಲ್ಲೇ ಇದನ್ನೂ ಕೇಳೋದು. ನಿಮ್ಮ ಕೇಸಿಗೆ ನಾನಾದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗ್ತೀನಿ, ಯಾಕಂದ್ರೆ ಅಲ್ಲಿ ಅರ್ಜಿ ಬಂದ ಮೂರು ದಿನದೊಳಗೆ ಮೊದಲ ಹಿಯರಿಂಗ್ ಇಡ್ಬೇಕು ಅಂತ ಕಾಯ್ದೆಲಿದೆ, ಅರುವತ್ತು ದಿನದೊಳಗೆ ಮುಗಿಸೋಕೆ ಪ್ರಯತ್ನ ಮಾಡ್ಬೇಕು ಅಂತಾನೂ ಇದೆ. ಅರುವತ್ತು ದಿನಕ್ಕೆ ಮುಗಿಯತ್ತೆ ಅಂತ ಮಾತ್ರ ನಂಬ್ಕೋಬೇಡಿ. ನಂಬಿಕೆ ಇಡ್ಬೇಕಾಗಿರೋದು ಸೆಕ್ಷನ್ 23ರ ಮೇಲೆ, ಅದರಲ್ಲಿ ನಿಮ್ಮ ಅಫಿಡವಿಟ್ ನೋಡಿ, ತುರ್ತು ಅನ್ನಿಸಿದ್ರೆ ಗಂಡನ್ನ ಕೇಳೋಕೆ ಮುಂಚೆನೇ ಮಧ್ಯಂತರ ಆರ್ಡರ್ ಮಾಡ್ಬೋದು. ಎಲ್ಲಿ ಹಾಕಿದ್ರೂ ಇನ್ನೊಂದು ಕೋರ್ಟಲ್ಲಿ ಏನು ನಡೀತಿದೆ ಅಂತ ಮುಚ್ಚಿಡ್ದೆ ಬರೀರಿ.

ಸೆಕ್ಷನ್ 19ರಲ್ಲಿ ಏನೇನು ಕೇಳ್ಬೋದು ಅಂದ್ರೆ, ನಿಮ್ಮನ್ನ ಮನೆಯಿಂದ ಹೊರಗೆ ಹಾಕ್ಬಾರ್ದು ಅನ್ನೋದು ಒಂದು, ಇದು ಬೇಗ ಸಿಗತ್ತೆ. ಮನೇಲಿ ನೀವಿರೋ ಭಾಗಕ್ಕೆ ಗಂಡ, ಅವನ ಕಡೆಯವರು ಬರ್ಬಾರ್ದು ಅನ್ನೋದು ಇನ್ನೊಂದು. ಗಂಡನೇ ಮನೆ ಬಿಟ್ಟು ಹೊರಗಿರ್ಬೇಕು ಅನ್ನೋದು ಮೂರನೇದು, ನೀವು ಕೇಳ್ತಿರೋದು ಇದನ್ನೇ, ಕಷ್ಟ ಇರೋದೂ ಇದರಲ್ಲೇ. ತನ್ನ ಹಿರಿಯರ ಮನೆಯಿಂದ ಒಬ್ಬನನ್ನ ಎಬ್ಬಿಸೋಕೆ ಕೋರ್ಟಿಗೆ ಗಟ್ಟಿ ಕಾರಣ ಬೇಕು, ಬೇಕಾಗೋದು ನ್ಯಾಯಾನೂ ಹೌದು. ಆದ್ರೆ ಕೊಡಲ್ಲ ಅಂತ ಅಲ್ಲ. ಮುಂಬೈಯ ಒಂದು ಕೇಸಲ್ಲಿ ಫ್ಲಾಟು ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇತ್ತು, ಡೈವೋರ್ಸ್ ಇನ್ನೂ ನಡೀತಿತ್ತು, ಫ್ಯಾಮಿಲಿ ಕೋರ್ಟು ಗಂಡನಿಗೆ ಮನೆ ಬಿಡು ಅಂತು, 2017ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು, ಸಮೀರ್ ಭಾರದ್ವಾಜ್ ಕೇಸ್ ಅಂತ. 2022ರ ಆಗಸ್ಟಲ್ಲಿ ಮದ್ರಾಸ್ ಹೈಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಡನನ್ನ ಹೊರಗೆ ಕಳಿಸೋದೊಂದೇ ಮನೇಲಿ ಶಾಂತಿ ತರೋ ದಾರಿ ಆದ್ರೆ, ಅವನಿಗೆ ಬೇರೆ ಜಾಗ ಇದ್ಯೋ ಇಲ್ವೋ ನೋಡ್ದೆ ಕಳಿಸ್ಬೇಕು ಅಂದಿದೆ. ಮದ್ರಾಸಿನದ್ದು ನಮ್ಮ ಕೋರ್ಟುಗಳು ಪಾಲಿಸಲೇಬೇಕು ಅಂತಿಲ್ಲ, ಆದ್ರೆ ತೋರಿಸೋಕೆ ಅಡ್ಡಿ ಇಲ್ಲ.

ಗಟ್ಟಿ ಕಾರಣ ಅಂದ್ರೆ ನಿಮ್ಮ ಹತ್ರ ಇದೆ, ಬರವಣಿಗೆಲಿ ಇಲ್ಲ ಅಷ್ಟೇ. ಆ ಎರಡು ರಾತ್ರಿಗಳು. ಅರ್ಜಿಲಿ "ಮಾನಸಿಕ ದೈಹಿಕ ಹಿಂಸೆ ಕೊಡ್ತಿದ್ದಾರೆ" ಅಂತ ಒಂದು ಸಾಲು ಬರೆದ್ರೆ ಏನೂ ಪ್ರಯೋಜನ ಇಲ್ಲ, ಎಲ್ಲ ಅರ್ಜಿಲೂ ಅದೇ ಸಾಲಿರತ್ತೆ. ಯಾವ ತಾರೀಖು, ಎಷ್ಟು ಗಂಟೆಗೆ ಬಾಗಿಲು ಹಾಕಿದ್ರು, ಎಷ್ಟು ಹೊತ್ತಿಗೆ ತೆಗೆದ್ರು, ಮಳೆ ಇತ್ತಾ, ಮಕ್ಕಳು ಎಚ್ಚರ ಇದ್ರಾ, ನೀವು ಎಲ್ಲಿ ಕೂತಿದ್ರಿ, ಕಣದ ಪಕ್ಕದ ಗೋಡೌನಲ್ಲಾ ಲೈನ್ ಮನೆಲಿರೋ ತೋಟದ ಕೆಲಸದವರ ಹತ್ರ ಹೋದ್ರಾ, ಯಾರಿಗೆ ಫೋನ್ ಮಾಡಿದ್ರಿ, ಇದನ್ನ ಬರೀರಿ. ಕಾಲ್ ಲಿಸ್ಟಿನ ಸ್ಕ್ರೀನ್‌ಶಾಟ್, ಅವತ್ತು ಅಣ್ಣನಿಗೋ ಗೆಳತಿಗೋ ಕಳಿಸಿದ ವಾಟ್ಸಾಪ್ ಮೆಸೇಜು, ಆಸ್ಪತ್ರೆಗೆ ಹೋಗಿದ್ರೆ ಅದರ ಚೀಟಿ, ಎಲ್ಲ ತೆಗೆದು ಬೇರೆ ಕಡೆ ಒಂದು ಕಾಪಿ ಇಡಿ. ಹೆಚ್ಚು ಮಾಡಿ ಬರೀಬೇಡಿ ದಯವಿಟ್ಟು, ಆಗದೇ ಇದ್ದದ್ದನ್ನ ಒಂದು ಸೇರಿಸಿದ್ರೂ ಎದುರು ವಕೀಲರ ಪಾಟೀಸವಾಲಲ್ಲಿ ನಿಜವಾದ ಹತ್ತು ಬಿದ್ದುಹೋಗತ್ತೆ.

ಈಗ ನಮ್ಮ ಕಡೆ ವಕೀಲರೂ ಸರಿಯಾಗಿ ನೋಡದೇ ಇರೋ ವಿಷಯಕ್ಕೆ ಬರ್ತೀನಿ, ನಿಮ್ಮ ಕೇಸಲ್ಲಿ ಗೆಲ್ಲೋದು ಸೋಲೋದು ಇದರ ಮೇಲೇ ಇದೆ. ತೋಟದ ಮನೆ ಬೆಂಗಳೂರಿನ ಫ್ಲಾಟಲ್ಲ. ಗಂಡನ ಕಡೆ ವಕೀಲರು ಬಂದು ಮೊದಲು ಹೇಳೋದು ಇದನ್ನೇ, "ಇವರ ಜೀವನ ತೋಟದಿಂದ, ಮನೆ ಬಿಟ್ರೆ ತೋಟ ನೋಡೋರು ಯಾರು, ಬೆಳೆ ಹಾಳಾದ್ರೆ ಹೆಂಡತಿ ಮಕ್ಕಳಿಗೆ ಖರ್ಚು ಎಲ್ಲಿಂದ ಕೊಡ್ತಾರೆ". ಜಡ್ಜಿಗೆ ಈ ಮಾತು ನಾಟತ್ತೆ. ಅದಕ್ಕೆ ನೀವೇ ಮೊದಲು ಉತ್ತರ ಬರೆದಿಡ್ಬೇಕು. ನಿಮಗೆ ಬೇಕಾಗಿರೋದು ಮನೆ, ತೋಟ ಅಲ್ಲ. ಹಾಗಾಗಿ ಅರ್ಜಿಲಿ ಮನೆಗೆ ಚೆಕ್ಕುಬಂದಿ ಹಾಕಿ, ಜಮೀನು ಕ್ರಯಕ್ಕೆ ಹಾಕ್ತಾರಲ್ಲ ಹಾಗೆ. ಮುಂದಿನ ಜಗಲಿಯಿಂದ ಹಿಡಿದು ಹಿಂದಿನ ಬಚ್ಚಲುಮನೆವರೆಗೆ, ಪೂರ್ವಕ್ಕೆ ಏನು ಪಶ್ಚಿಮಕ್ಕೆ ಏನು, ಗೇಟು ಯಾವುದು, ಬಾವಿ ಯಾರಿಗೆ. ಕಾಫಿ ಒಣಗಿಸೋ ಕಣ, ಸಿಪ್ಪೆ ಬಿಡಿಸೋ ಪಲ್ಪರ್, ಗೊಬ್ಬರದ ಶೆಡ್ಡು, ಲೈನ್ ಮನೆಗಳು ಇದರಿಂದ ಹೊರಗೆ ಅಂತ ನೀವೇ ಬರೀರಿ, ಅಲ್ಲಿಗೆ ಅವರು ಹಗಲು ಹೊತ್ತು ಬಂದು ಕೆಲಸ ಮಾಡಿಸ್ಲಿ, ಬೆಳಿಗ್ಗೆ ಎಂಟರಿಂದ ಸಂಜೆ ಐದು ಅಂತ ಗಂಟೆನೂ ಹಾಕಿ. ಗೋಡೌನು ಮನೆ ಗೋಡೆಗೇ ಅಂಟ್ಕೊಂಡಿದ್ರೆ ಮಧ್ಯದ ಬಾಗಿಲಿಗೆ ನಿಮ್ಮ ಕಡೆಯಿಂದ ಬೀಗ, ಹೊರಗಿನ ಬಾಗಿಲು ಅವರಿಗೆ.

ಇನ್ನೊಂದು ಸಣ್ಣ ವಿಷಯ, ನೋಡೋಕೆ ಸಣ್ಣದು, ಎಷ್ಟೋ ಮನೆಗಳಲ್ಲಿ ಪಂಪಿನ ಸ್ಟಾರ್ಟರ್ ಮನೆ ಒಳಗಿನ ಗೋಡೆಗೆ ಅಥವಾ ಹಿಂದಿನ ವರಾಂಡಕ್ಕೆ ಹೊಡೆದಿರ್ತಾರೆ. ಫೆಬ್ರವರಿ ಮಾರ್ಚಲ್ಲಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬರ್ದಿದ್ರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕಲೇಬೇಕು, ತ್ರೀ ಫೇಸ್ ಕರೆಂಟು ರಾತ್ರಿ ಹನ್ನೆರಡಕ್ಕೆ ಕೊಟ್ರೆ ಆಗ್ಲೇ ಮೋಟಾರ್ ಹಾಕ್ಬೇಕು, ಮೋಟಾರ್ ನೆಪದಲ್ಲಿ ರಾತ್ರಿ ಮನೆ ಒಳಗೆ ಬರೋದು ಶುರು ಆಗತ್ತೆ, ಅಲ್ಲಿಗೆ ನಿಮ್ಮ ಆರ್ಡರು ಪೇಪರಲ್ಲೇ ಉಳೀತು. ಸ್ಟಾರ್ಟರ್ ಬೋರ್ಡನ್ನ ಹೊರಗೆ ಪಂಪ್‌ಹೌಸಿಗೆ ಹಾಕಿಸ್ಬೇಕು, ಖರ್ಚು ಅವರದು, ಇಷ್ಟು ದಿನದೊಳಗೆ ಅಂತ ಕೇಳಿ. ಹಾಗೇ ಮನೆಗೆ ಬರೋ ನೀರು, ಕರೆಂಟು ನಿಲ್ಲಿಸ್ಬಾರ್ದು ಅಂತಾನೂ ಕೇಳಿ. ಚೆಸ್ಕಾಂ ಕರೆಂಟ್ ಬಿಲ್ಲು, ಮನೆ ಮೇಲಿನ ಸಾಲದ ಕಂತು ಅವರೇ ಕಟ್ಟೋ ಹಾಗೆ ಹೇಳೋಕೆ ಸೆಕ್ಷನ್ 19(6)ರಲ್ಲಿ ಅವಕಾಶ ಇದೆ. ಆ ಜಾಗ ಮಾರ್ಬಾರ್ದು, ಲೀಸಿಗೆ ಕೊಡ್ಬಾರ್ದು, ಅಡ ಇಡ್ಬಾರ್ದು ಅಂತ 19(1)(ಡಿ)ಲಿ ಕೇಳಿ, ಆರ್ಡರ್ ಸಿಕ್ಕಿದ್ರೆ ಆರ್‌ಟಿಸಿಯ ಹನ್ನೊಂದನೇ ಕಾಲಮ್ಮಲ್ಲಿ ಅದನ್ನ ಏರಿಸೋಕೆ ತಾಲೂಕು ಆಫೀಸಲ್ಲಿ ಅರ್ಜಿ ಕೊಡಿ.

ನಿಮ್ಮ ಮನೆ ಐನ್‌ಮನೆನೇ ಆಗಿದ್ರೆ ಬೇರೆ ಥರ ಯೋಚನೆ ಮಾಡ್ಬೇಕು. ಅದು ಒಕ್ಕದ ಮೂಲಮನೆ, ಹಿರಿಯರ ನೆಲ್ಲಕ್ಕಿ ದೀಪ ಇರೋ ಮನೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತರೋಕೆ, ಕಾರಣರಿಗೆ (ತೀರಿಹೋದ ಹಿರಿಯರಿಗೆ) ಎಡೆ ಕೊಡೋಕೆ ಇಡೀ ಒಕ್ಕ ಅಲ್ಲಿ ಸೇರತ್ತೆ. ಅಂಥ ಮನೆಯಿಂದ ಒಕ್ಕದ ಮಗನನ್ನ ಪೂರ್ತಿ ಹೊರಗಿಡಿ ಅಂದ್ರೆ ಊರೂ ಒಪ್ಪಲ್ಲ, ಕೋರ್ಟೂ ಹಿಂದೆ ಮುಂದೆ ನೋಡತ್ತೆ. ಹಾಗಿದ್ರೆ ಮನೆ ಒಂದು ಭಾಗ ಮಾತ್ರ ನಿಮಗೆ, ನಡುಮನೆ ಎಲ್ರಿಗೂ, ಹಬ್ಬ ಹರಿದಿನಕ್ಕೆ ಒಕ್ಕದವರು ಬಂದು ಹೋಗ್ಲಿ ಅಂತ ನೀವೇ ಬರೆದು ಕೊಡಿ. ನೀವು ಸಂಪ್ರದಾಯಕ್ಕೆ ಅಡ್ಡ ನಿಂತಿಲ್ಲ ಅಂತ ಗೊತ್ತಾದ್ರೆ ಅರ್ಧ ವಿರೋಧ ಅಲ್ಲೇ ಕಮ್ಮಿ ಆಗತ್ತೆ. ಊರ್ ತಕ್ಕರು (ಊರಿನ ಮುಖ್ಯಸ್ಥರು), ಪಟ್ಟೆದಾರರು ಪಂಚಾಯ್ತಿ ಮಾಡಿದ್ರೆ ಹೋಗಿ ಕೂತ್ಕೊಳ್ಳಿ, ಒಪ್ಪಿದ್ದನ್ನ ಬರವಣಿಗೆಲಿ ತಗೊಳ್ಳಿ, ಆದ್ರೆ ಅದು ಕೋರ್ಟ್ ಆರ್ಡರಲ್ಲ, ಅದನ್ನ ಮುರಿದ್ರೆ ಪೊಲೀಸ್ರು ಬರಲ್ಲ.

ಅತ್ತೆ ವಿಷಯ. ಮನೆ ಬಿಟ್ಟು ಹೋಗು ಅನ್ನೋ ಆರ್ಡರನ್ನ ಹೆಂಗಸಿನ ಮೇಲೆ ಮಾಡೋ ಹಾಗಿಲ್ಲ ಅಂತ ಕಾಯ್ದೆಲೇ ಇದೆ. ಅವರನ್ನೂ ಎದುರುದಾರರಾಗಿ ಸೇರಿಸ್ಬೋದು, ತೊಂದ್ರೆ ಕೊಡ್ಬೇಡಿ ಅಂತ ಆರ್ಡರ್ ತರ್ಬೋದು, ಹೊರಗೆ ಕಳಿಸೋಕೆ ಆಗಲ್ಲ. ಅವರು ನಿಮಗೆ ನೇರವಾಗಿ ಏನೂ ಮಾಡಿಲ್ಲ ಅಂದ್ರೆ ಅವರನ್ನ ಕೇಸಿಗೆ ಎಳೀಬೇಡಿ, ಅವರ ರೂಮು, ಔಷಧಿ, ಊಟ ಎಲ್ಲ ಹಾಗೇ ಇರತ್ತೆ ಅಂತ ಅರ್ಜಿಲಿ ಬರೀರಿ. ಯಾಕೆ ಹೇಳ್ತೀನಿ ಅಂದ್ರೆ, ಗಂಡನಿಗೆ ದಾರಿ ಮುಚ್ಚಿದಾಗ ಅತ್ತೆ ಹೆಸರಲ್ಲಿ ಹಿರಿಯ ನಾಗರಿಕರ ಕಾಯ್ದೆ ಅಡಿ ಎಸಿ (ಉಪವಿಭಾಗಾಧಿಕಾರಿ) ಹತ್ರ ಅರ್ಜಿ ಹಾಕಿಸಿ ಸೊಸೆನ ಎಬ್ಬಿಸೋ ಪ್ರಯತ್ನ ಮಾಡ್ತಾರೆ. ನಮ್ಮ ಬೆಂಗಳೂರಿನದ್ದೇ ಎಸ್. ವನಿತಾ ಕೇಸಲ್ಲಿ ಹಾಗೆ ಆಗಿತ್ತು, ಎಸಿ ಎಬ್ಬಿಸಿ ಅಂದ್ರು, ಹೈಕೋರ್ಟೂ ಸರಿ ಅಂತು, 2020ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿ, ಸೊಸೆಯ ವಾಸದ ಹಕ್ಕನ್ನ ಹೀಗೆ ಸುತ್ತುಬಳಸಿ ಕಸಿಯೋ ಹಾಗಿಲ್ಲ ಅಂತು. ಅಂಥ ನೋಟಿಸ್ ಬಂದ್ರೆ ಸುಮ್ನೆ ಕೂರ್ಬೇಡಿ, ಹೋಗಿ ಹಾಜರಾಗಿ.

ಮನೇಲಿ ಕೋವಿ ಇದೆಯಾ ಅಂತ ನೀವು ಬರೆದಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನ ವಿನಾಯ್ತಿ ಇರೋದ್ರಿಂದ ಇರೋ ಸಾಧ್ಯತೆನೇ ಜಾಸ್ತಿ. ಕುಡಿಯೋ ಗಂಡಸು, ಗಲಾಟೆ, ಕೋವಿ, ಇವು ಮೂರೂ ಒಂದೇ ಸೂರಿನ ಕೆಳಗಿರೋದು ನಂಗೆ ನಿಜವಾಗ್ಲೂ ಹೆದರಿಕೆ. ಕೋವಿ ಇದ್ರೆ ಅರ್ಜಿಯ ಮೊದಲ ಪುಟದಲ್ಲೇ ಬರೀರಿ, ಕೇಸ್ ಮುಗಿಯೋವರೆಗೆ ಠಾಣೆಲಿ ಡೆಪಾಸಿಟ್ ಮಾಡಿಸಿ ಅಂತ ಕೇಳ್ಕೊಳ್ಳಿ, ಒಂದು ಸಲನೂ ತೋರಿಸಿ ಹೆದರಿಸಿಲ್ಲ ಅಂದ್ರೂ ಕೇಳಿ.

ಮತ್ತೆ ಒಂದು ಪ್ರಶ್ನೆ ನಾನು ನಿಮಗೆ ಕೇಳ್ತೀನಿ. ಗಂಡ ಹೊರಗೆ ಹೋದ್ಮೇಲೆ ಆ ತೋಟದ ಮಧ್ಯದ ಮನೇಲಿ ನೀವು, ಮಕ್ಕಳು, ವಯಸ್ಸಾದ ಅತ್ತೆ ಇರೋಕಾಗತ್ತಾ? ಅಮ್ಮತ್ತಿ ಸಿದ್ದಾಪುರ ಕಡೆ ಆನೆ ಕಾಟ ನಿಮಗೆ ನಾನು ಹೇಳ್ಬೇಕಾಗಿಲ್ಲ, ಜೂನ್ ಜುಲೈಲಿ ಮರ ಬಿದ್ದು ಕರೆಂಟು ದಿನಗಟ್ಟಲೆ ಇರಲ್ಲ, ಪಕ್ಕದ ಮನೆ ಕೂಗಿದ್ರೆ ಕೇಳಿಸಲ್ಲ. ಸೆಕ್ಷನ್ 19(1)(ಎಫ್)ಲಿ ಈಗಿರೋ ಮನೆ ಮಟ್ಟದ್ದೇ ಬೇರೆ ಮನೆ ಮಾಡ್ಕೊಡು, ಇಲ್ಲಾ ಬಾಡಿಗೆ ಕಟ್ಟು ಅಂತ ಗಂಡನಿಗೆ ಹೇಳ್ಬೋದು. ವಿರಾಜಪೇಟೆಲಿ ಸ್ಕೂಲಿಗೆ ನಡ್ಕೊಂಡು ಹೋಗೋ ದೂರದಲ್ಲಿ ಒಂದು ಒಳ್ಳೆ ಬಾಡಿಗೆ ಮನೆ, ಬಾಡಿಗೆ ಪ್ರತಿ ತಿಂಗಳು ಅವರ ಅಕೌಂಟಿಂದ, ಇದು ಎಷ್ಟೋ ಹೆಂಗಸರಿಗೆ ತೋಟದ ಮನೆಗಿಂತ ಒಳ್ಳೇದೇ ಆಗಿದೆ. ಇದು ಸೋಲಲ್ಲ, ಆದ್ರೆ ಇದನ್ನ ತವರಿಗೆ ಹೋಗೋದರ ಜೊತೆ ಬೆರೆಸ್ಬೇಡಿ. ಕೋರ್ಟ್ ಆರ್ಡರ್ ಕೈಲಿ ಹಿಡ್ಕೊಂಡು, ಬಾಡಿಗೆ ಅವರಿಂದ ಕಟ್ಟಿಸ್ಕೊಂಡು ಹೋಗೋದು ಬೇರೆ. ಅರ್ಜಿಲಿ ಎರಡನ್ನೂ ಕೇಳಿ, ಮೊದಲು ಮನೆ, ಅದು ಆಗ್ದಿದ್ರೆ ಬಾಡಿಗೆ. ನಿಮಗೆ ಯಾವುದು ಸರಿ ಅಂತ ನೀವೇ ತೀರ್ಮಾನ ಮಾಡಿ, ನಿಮ್ಮ ಅಣ್ಣನೂ ಅಲ್ಲ, ವಕೀಲರೂ ಅಲ್ಲ.

ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ತಡ ಮಾಡ್ಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಲಿ ಹೆಂಗಸರಿಗೆ ಆದಾಯ ಎಷ್ಟಿದ್ರೂ ಉಚಿತವಾಗಿ ವಕೀಲರನ್ನ ಕೊಡ್ತಾರೆ, ಮಡಿಕೇರಿಲಿ ಜಿಲ್ಲಾ ಪ್ರಾಧಿಕಾರ ಇದೆ, ತಾಲೂಕಲ್ಲಿ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿದ್ರೂ ಆಗತ್ತೆ. ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಲ್ಲಿ ಸಂರಕ್ಷಣಾಧಿಕಾರಿ ಇರ್ತಾರೆ, ಅವರು ಕೌಟುಂಬಿಕ ಘಟನಾ ವರದಿ ಬರ್ಕೊಂಡು ಮ್ಯಾಜಿಸ್ಟ್ರೇಟ್‌ಗೆ ಕಳಿಸ್ತಾರೆ. ಅದಿಲ್ದೆ ನೇರವಾಗಿ ವಕೀಲರ ಮೂಲಕ ಹೋದ್ರೂ ಅರ್ಜಿ ನಡೆಯತ್ತೆ. ಮಹಿಳಾ ಸಹಾಯವಾಣಿ 181.

ಈ ಆರ್ಡರ್ ಎಷ್ಟು ದಿನ ಅಂದ್ರೆ, ಮಧ್ಯಂತರ ಅಂದ್ರೆ ಮಧ್ಯಂತರನೇ. ಗಂಡ ಮೂವತ್ತು ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲ್ ಹೋಗ್ಬೋದು, ಪರಿಸ್ಥಿತಿ ಬದಲಾಗಿದೆ ಅಂತ ತೋರಿಸಿ ಆರ್ಡರ್ ಬದಲಾಯಿಸಿ ಅಂತ ಕೇಳ್ಬೋದು. ಡೈವೋರ್ಸ್ ಡಿಕ್ರಿ ಆದ್ಮೇಲೆ ಮನೆ ವಿಷಯ ಮತ್ತೆ ತೂಗ್ತಾರೆ, ಹಾಗಾಗಿ ಶಾಶ್ವತ ಜೀವನಾಂಶ ಕೇಳುವಾಗ ಮುಂದೆ ವಾಸಕ್ಕೆ ಎಲ್ಲಿ ಅನ್ನೋದನ್ನ ಆಗ್ಲೇ ಸೇರಿಸ್ಬೇಕು.

ಕೊನೇದಾಗಿ, ಸೆಕ್ಷನ್ 19ರ ಜೊತೆ ಸೆಕ್ಷನ್ 18ರ ರಕ್ಷಣಾ ಆರ್ಡರನ್ನೂ ಒಟ್ಟಿಗೇ ಕೇಳಿ, ಮರೀಬೇಡಿ. ಸೆಕ್ಷನ್ 31ರಲ್ಲಿ ಒಂದು ವರ್ಷ ಜೈಲು ಅಥವಾ 20,000 ರೂ. ದಂಡ ಅಥವಾ ಎರಡೂ ಅಂತ ಇರೋದು ರಕ್ಷಣಾ ಆರ್ಡರ್ ಮುರಿದ್ರೆ. ವಾಸದ ಆರ್ಡರ್ ಒಂದೇ ಇದ್ರೆ ಅದನ್ನ ಮುರಿದಾಗ ಈ ಸೆಕ್ಷನ್ ಅನ್ವಯ ಆಗತ್ತಾ ಇಲ್ವಾ ಅಂತ ವಾದ ಮಾಡ್ತಾ ಕೂರ್ಬೇಕಾಗತ್ತೆ. ಠಾಣೆಯವರು ರಕ್ಷಣೆ ಕೊಡ್ಬೇಕು ಅಂತ 19(5)ರಲ್ಲಿ ನಿರ್ದೇಶನನೂ ಕೇಳಿ. ಆರ್ಡರ್ ಆದ ಕೂಡ್ಲೇ ಕಾಪಿ ಉಚಿತವಾಗಿ ಕೊಡ್ಬೇಕು ಅಂತ ಕಾಯ್ದೆಲಿದೆ, ಠಾಣೆಗೆ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ, ಒಂದು ಸ್ಕೂಲಿಗೆ, ಒಂದು ತವರಿಗೆ, ಒಂದರ ಫೋಟೋ ಫೋನಲ್ಲಿ. ಗಂಡ ಸಾಮಾನು ತಗೊಂಡು ಹೋಗೋ ದಿನ ಪೊಲೀಸ್ರೋ ಸಂರಕ್ಷಣಾಧಿಕಾರಿನೋ ಎದುರಿಗಿರ್ಲಿ, ಪೀಚೆಕತ್ತಿ, ಒಡಿಕತ್ತಿ, ಮಾವನ ಕಾಲದ ವಸ್ತುಗಳು ಏನೇನು ಹೋಯ್ತು, ನಿಮ್ಮ ಒಡವೆ ಏನೇನು ಉಳೀತು ಅಂತ ಪಟ್ಟಿ ಮಾಡಿ ಇಬ್ರೂ ಸೈನ್ ಹಾಕಿ, ಆಮೇಲೆ ಅವತ್ತೇ ಬೀಗ ಬದಲಾಯಿಸಿ.